ಧೂಪದ ಹಿಂದಿನ ಕೈಗಳು

ಜಿನಪೂಜೆಯ ಅಷ್ಟದ್ರವ್ಯಗಳಲ್ಲಿ ಏಳನೆಯದು ಧೂಪ. ಅಷ್ಟಕರ್ಮಗಳು ಹೀಗೆಯೇ ದಹಿಸಿಹೋಗಲಿ ಎಂಬ ಭಾವನೆಯಿಂದ ಶ್ರಾವಕರು ಅದನ್ನು ಅರ್ಪಿಸುತ್ತಾರೆ. ಧೂಪಘಟದ ಕೆಂಡದ ಮೇಲೆ ದಶಾಂಗವನ್ನು ಉದುರಿಸುತ್ತಿದ್ದ ಕಡೆ ಈಗ ಅನೇಕ ಬಸದಿಗಳಲ್ಲಿಯೂ ಮನೆಗಳಲ್ಲಿಯೂ ಊದಿನಕಡ್ಡಿ ಬಂದು ನಿಂತಿದೆ.

ಪೂಜಾದ್ರವ್ಯಗಳ ಶುದ್ಧಿಯನ್ನು ಕುರಿತು ಜೈನರಲ್ಲಿ ನಡೆದಷ್ಟು ಸೂಕ್ಷ್ಮವಾದ ಚರ್ಚೆ ಬೇರೆಡೆ ವಿರಳ. ಹೂವು, ಹಸಿಹಣ್ಣುಗಳಲ್ಲಿ ಜೀವಹಾನಿಯನ್ನು ಕಂಡ ದಿಗಂಬರ ತೇರಾಪಂಥದವರು ಒಣದ್ರವ್ಯಗಳಿಂದಲೇ ಪೂಜಿಸತೊಡಗಿದರು; ಕರ್ನಾಟಕದ ಭಟ್ಟಾರಕ ಪರಂಪರೆ ಹಳೆಯ ವಿಧಿಯನ್ನೇ ಉಳಿಸಿಕೊಂಡಿತು. ಶತಮಾನಗಳ ಈ ವಾದದಲ್ಲಿ ಹೂವಿನೊಳಗಿನ ಹುಳುವಿಗೂ ಸ್ಥಾನವುಂಟು. ಕಡ್ಡಿ ಹೊಸೆದವಳಿಗೆ ಮಾತ್ರ ಇಲ್ಲ.

ಆಕೆ ದೂರದವಳೇನೂ ಅಲ್ಲ. ಮೈಸೂರು, ಬೆಂಗಳೂರುಗಳು ಈ ಉದ್ಯಮದ ಹಳೆಯ ಕೇಂದ್ರಗಳು. ಮೈಸೂರು ಅಗರಬತ್ತಿಗೆ 2005ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಗುತ್ತಿಗೆದಾರನು ಬಿದಿರುಕಡ್ಡಿ, ಇದ್ದಿಲಪುಡಿ, ಮರದ ಪುಡಿ, ಜಿಗಟಿನ ಪುಡಿಗಳನ್ನು ಮನೆಗೆ ತಲುಪಿಸುತ್ತಾನೆ. ಹೆಂಗಸರು ಅವನ್ನು ಕಲಸಿ, ಮಣೆಯ ಮುಂದೆ ಕುಳಿತು, ಒಂದೊಂದೇ ಕಡ್ಡಿಗೆ ಹೊಸೆಯುತ್ತಾರೆ. ಕೂಲಿ ಸಾವಿರ ಕಡ್ಡಿಗೆ ಇಷ್ಟೆಂದು, ಹೊತ್ತಿನ ಲೆಕ್ಕವಿಲ್ಲ. ಬಾಗಿದ ಬೆನ್ನಿನ ನೋವು, ಉಸಿರಿಗೆ ಸೇರುವ ಇದ್ದಿಲ ಧೂಳು, ತೊಳೆದರೂ ಹೋಗದ ಅಂಗೈಯ ಕಪ್ಪು ಆ ಲೆಕ್ಕದ ಹೊರಗಿನವು. ಒಬ್ಬಳ ದುಡಿಮೆ ಸಾಲದಾದಾಗ ಶಾಲೆಯಿಂದ ಬಂದ ಮಗಳೂ ಮಣೆಯ ಮುಂದೆ ಕೂರುತ್ತಾಳೆ. ಹೀಗೆ ಹೊಸೆದ ಕಡ್ಡಿಗೆ ಪರಿಮಳ ಸೇರುವುದು ಆಮೇಲೆ, ಬೇರೊಂದು ಕಡೆ. ದೇವರಿಗೆ ಸಲ್ಲುವ ಸುಗಂಧ ಹೊಸೆದವಳ ಮನೆಯನ್ನು ಹೊಕ್ಕಿರುವುದೇ ಇಲ್ಲ.

ಕರ್ನಾಟಕದಲ್ಲಿ ಕನಿಷ್ಠ ವೇತನ ನಿಗದಿಯಾಗುವ ಉದ್ಯಮಗಳ ಪಟ್ಟಿಯಲ್ಲಿ ಊದುಬತ್ತಿಯೂ ಇದೆ. ಆದರೆ ಮನೆಯ ನಡುಕೋಣೆಯಲ್ಲಿ ನಡೆಯುವ ಕೆಲಸಕ್ಕೆ ಹಾಜರಿ ಪುಸ್ತಕವೆಲ್ಲಿಯದು? ಬೀಡಿ ಕಟ್ಟುವವರಿಗಾಗಿ 1966ರಲ್ಲಿಯೇ ಸಂಸತ್ತು ಪ್ರತ್ಯೇಕ ಕಾಯಿದೆ ಮಾಡಿತು. ಊದಿನಕಡ್ಡಿಯವರಿಗೆ ಅಂಥದೊಂದು ಬರಲಿಲ್ಲ. ಹೊಗೆಸೊಪ್ಪಿಗೆ ದೊರೆತ ಗಮನ ದೇವರ ಧೂಪಕ್ಕೆ ದೊರೆಯದಿದ್ದುದು ಸೋಜಿಗವೇ. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದು ಸಂವಿಧಾನದ 23ನೆಯ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ ಸರಿ ಎಂದು ಸರ್ವೋಚ್ಚ ನ್ಯಾಯಾಲಯ 1982ರಲ್ಲಿ, ಏಷ್ಯನ್ ಕ್ರೀಡಾಕೂಟದ ಕಾಮಗಾರಿಗಳಿಗೆ ಸಂಬಂಧಿಸಿದ ಪ್ರಕರಣದಲ್ಲಿ, ತೀರ್ಮಾನಿಸಿತು.

ಶಾಸ್ತ್ರ ಇದಕ್ಕೂ ಮುಂದೆ ಹೋಗುತ್ತದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಅತಿಭಾರಾರೋಪಣ, ಅನ್ನಪಾನನಿರೋಧಗಳನ್ನು ಅಹಿಂಸಾಣುವ್ರತದ ಅತಿಚಾರಗಳಲ್ಲಿ ಎಣಿಸುತ್ತದೆ. ಅನ್ನಪಾನನಿರೋಧವನ್ನು ವಿವರಿಸುವಾಗ ಪೂಜ್ಯಪಾದರು ಹಸು ಮೊದಲಾದವನ್ನು ಉದಾಹರಿಸುತ್ತಾರೆ. ಆ ‘ಮೊದಲಾದ’ ಎಂಬುದರಲ್ಲಿ ಮನುಷ್ಯರು ಸೇರಲಾರರೆಂದು ಯಾರೂ ವಾದಿಸಲಾರರು. ಅಚೌರ್ಯದ ಅತಿಚಾರಗಳಲ್ಲಿ ತದಾಹೃತಾದಾನ ಬರುತ್ತದೆ: ಕಳ್ಳನು ತಂದುದನ್ನು ಕೊಳ್ಳುವುದು. ತಾನು ಕದಿಯಲಿಲ್ಲ, ಹಣ ಕೊಟ್ಟೇ ಕೊಂಡೆ ಎಂಬ ಸಮಾಧಾನ ಅಲ್ಲಿ ನಡೆಯದು. ಸಲ್ಲಬೇಕಾದ ಕೂಲಿಯನ್ನು ಹಿಡಿದುಕೊಂಡು ತಯಾರಿಸಿದ ವಸ್ತುವಿಗೂ ಈ ಮಾತು ಅನ್ವಯಿಸಬೇಕಲ್ಲವೆ? ಬಸದಿಯ ಬಾಗಿಲ ಅಂಗಡಿಯವನು ದರವನ್ನು ತಾನು ಗೊತ್ತುಮಾಡಿಲ್ಲವೆಂದು ಹೇಳುತ್ತಾನೆ, ಅದು ನಿಜವೇ. ಆದರೆ ಕೃತ, ಕಾರಿತ, ಅನುಮೋದಿತ ಎಂಬ ಮೂರರಲ್ಲಿ ಮೊದಲನೆಯದರಿಂದ ಮಾತ್ರ ಅವನು ತಪ್ಪಿಸಿಕೊಂಡಂತಾಯಿತು. ಅಗ್ಗದ ಪೊಟ್ಟಣವನ್ನೇ ಕೇಳುವ ಭಕ್ತನೂ ಅವನ ಪಕ್ಕದಲ್ಲಿಯೇ ನಿಂತಿದ್ದಾನೆ.

ಕೊಳ್ಳುವುದನ್ನೇ ನಿಲ್ಲಿಸಿದರೆ ಆ ಮನೆಗಳ ಒಲೆ ಆರುತ್ತದೆ ಎಂಬ ಆಕ್ಷೇಪ ಹುರುಳಿಲ್ಲದ್ದಲ್ಲ. ಯಂತ್ರಗಳೂ ಚೀನಾ, ವಿಯೆಟ್ನಾಂಗಳ ಸರಕೂ ಆಗಲೇ ಅವರ ಕೆಲಸವನ್ನು ಕಸಿದಿದ್ದವು. 2019ರಲ್ಲಿ ಕೇಂದ್ರ ಸರ್ಕಾರ ಆಮದಿಗೆ ನಿರ್ಬಂಧ ಹಾಕಿದ್ದು ಅದಕ್ಕಾಗಿಯೇ. ಕೆಲಸವೇನೋ ಉಳಿಯಬೇಕು, ಆದರೆ ಯಾವ ದರಕ್ಕೆ?

ಗೊಮ್ಮಟದೇವರಿಗೆ ಹೂಮಾಲೆ ಒದಗಿಸುವ ಮಾಲೆಗಾರನಿಗೆ ವರ್ತಕರು ಭೂಮಿಯನ್ನು ಕೊಂಡು ಬಿಟ್ಟುಕೊಟ್ಟುದನ್ನು ಶ್ರವಣಬೆಳಗೊಳದ ಶಾಸನ ದಾಖಲಿಸುತ್ತದೆ. ದೇವರ ಹೂವಿನ ಮಾತು ಬಂದಾಗ ಕಟ್ಟುವವನ ಅನ್ನದ ಮಾತೂ ಅದೇ ಕಲ್ಲಿನ ಮೇಲೆ ಬಂದಿತು. ಇಂದಿನ ಪೊಟ್ಟಣದ ಮೇಲೆ ಪರಿಮಳದ ಹೆಸರು, ತೂಕ, ಗರಿಷ್ಠ ಮಾರಾಟ ಬೆಲೆ ಇರುತ್ತವೆ. ವರ್ಷದ ಪೂಜಾಸಾಮಗ್ರಿಯನ್ನು ಒಟ್ಟಾಗಿ ತರಿಸುವ ಬಸದಿಯ ಸಮಿತಿಗಳು ಮಾರುವವನಿಗೆ ಬರೆಯುವ ಪತ್ರದಲ್ಲಿ ಇನ್ನೊಂದು ಸಾಲು ಸೇರಿಸಬಹುದು: ಸಾವಿರ ಕಡ್ಡಿಗೆ ಹೊಸೆದವಳಿಗೆ ಸಂದದ್ದೆಷ್ಟು?