ಒಂದ ಫೈಲಿನ್ಯಾಗ ಮೂರು ಅಂಕಣ

ಅಡಿಗಿಮನಿ ಬಿಟ್ಟು ಈ ಸಲ ಕಂಪ್ಯೂಟರ್ ಸುದ್ದಿ ಯಾಕ ಅಂತ ಕೇಳಬ್ಯಾಡ್ರಿ ಅಕ್ಕಾರ. ಇದೂ ಮನಿ ಸುದ್ದೀನ.

ನಮ್ಮ ಹಳೇ ಕಂಪ್ಯೂಟರ್ ನಿಮಗೆಲ್ಲಾ ಗೊತ್ತೈತಿ. ನಡುಮನ್ಯಾಗ ಕೌದಿ ಹೊದ್ದುಕೊಂಡು ಕುಂತಿರ್ತಿತ್ತು. ಅವ್ವ ಇದ್ದಾಗ ಆಕಿ ಬೀಸೋ ಪದ ಹಾಡಿದ್ದನ್ನ ನಮ್ಮ ತಮ್ಮ ಮೊಬೈಲ್‌ನ್ಯಾಗ ಹಿಡಿದು ಅದರಾಗ ತುಂಬಿಸಿದ್ದ. ಬೀಸೋಕಲ್ಲು ಮೂಲಿಗೆ ಬಿದ್ದು ಎಷ್ಟೋ ವರ್ಷ ಆಗಿತ್ತು, ಪದ ಮಾತ್ರ ಆಕಿಗೆ ಒಂದೂ ಮರತಿರಲಿಲ್ಲ.

ಹೋದ ವರ್ಷ ಕಂಪ್ಯೂಟರ್ ಕಟಕಟ ಅಂದು ಚಾಲೂ ಆಗೋದ ಬಿಟ್ಟಿತು. ರಿಪೇರಿ ಅಂಗಡಿಯವ, ಹಾರ್ಡ್‌ಡಿಸ್ಕ್ ಸಾಯಾಕ ಹತ್ತೈತಿ ಅಂತ ಹೇಳಿ, ಇಡೀ ಡಿಸ್ಕಿನ ನಕಲು ತಗದು ಬ್ಯಾರೆ ಡಿಸ್ಕಿಗೆ ಹಾಕಿಕೊಟ್ಟ. ಅಲ್ಲೀತನಕ ಅಂವ ಮಾಡಿದ್ದು ಚಲೋ ಕೆಲಸ, ಸುಳ್ಳ ಯಾಕ ಹೇಳ್ಲಿ. ಸಾಯೋ ಡಿಸ್ಕನ್ನ ಪದೇ ಪದೇ ಕೆದಕೋಕಿಂತ ಒಮ್ಮೆ ಪೂರಾ ಇಳಿಸ್ಕೊಂಡು ಬಿಡೋದ ಶಾಣ್ಯಾತನ. ಆದ್ರ ಮನಿಗೆ ತಂದು ನೋಡಿದ್ರ ಅದರಾಗ ಇದ್ದದ್ದು ಒಂದ ಫೈಲು, 320 ಜಿಬಿ. ಎಷ್ಟು ಒತ್ತಿದ್ರೂ ತೆರೀಲಿಲ್ಲ. ತಿರುಗಿ ಹೋಗಿ ಕೇಳಿದ್ರ, 'ಅದರಾಗ ಏನೂ ಸಿಗಂಗಿಲ್ಲ ಬಿಡ್ರಿ ಅಕ್ಕಾರ, ಫಾರ್ಮ್ಯಾಟ್ ಮಾಡಿ ಸಿನಿಮಾ ತುಂಬಿಸ್ಕೋರಿ' ಅಂದ. ನಾನೂ ಹೂಂ ಅಂದಿದ್ದೆ. ಮನಿಯವರು 'ಇರ್ಲಿ ಬಿಡ, ಏನು ರೊಟ್ಟಿ ಕೇಳತೈತೇನು' ಅಂದಿದ್ದಕ್ಕ ಟ್ರಂಕಿನ್ಯಾಗ ಇಳಕಲ್ ಸೀರಿ ನಡುವ ಇಟ್ಟೆ.

ಅವ್ವನ ವರ್ಷದ ಕಾರ್ಯ ಹತ್ರ ಬಂತು. ಅಕ್ಕನ ಮಗಳು ತಳಕಲ್ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿನ್ಯಾಗ ಓದತಾಳಲ್ಲ, ಸೂಟಿಗೆ ಬಂದಿದ್ಲು. ಆಕಿ ಲ್ಯಾಪ್‌ಟಾಪಿನ್ಯಾಗ ವಿಂಡೋಸ್ ಇಲ್ಲ, ಲಿನಕ್ಸ್ ಐತಿ. ಫೈಲು ನೋಡಿ ನಕ್ಕಳು. 'ಚಿಗವ್ವ, ಇದು ಫೈಲಲ್ಲ, ಇಡೀ ಮನಿ. ಒಳಗ ಅಂಕಣ ಅದಾವ.'

ನಮ್ಮ ಮಣ್ಣಿನ ಮನಿ ನೆನಸ್ಕೋರಿ. ಕಂಬದಿಂದ ಕಂಬಕ್ಕ ಒಂದೊಂದು ಅಂಕಣ: ಒಂದ್ರಾಗ ದನ, ಒಂದ್ರಾಗ ಅಡಿಗಿ, ಒಂದ್ರಾಗ ದೇವರು. ಡಿಸ್ಕಿನ್ಯಾಗೂ ಹಂಗ, ಸಿ ಡ್ರೈವ್, ಡಿ ಡ್ರೈವ್ ಅಂತೀವಲ್ಲ, ಅವು ಬ್ಯಾರೆ ಬ್ಯಾರೆ ಅಂಕಣ. ಅದಕ್ಕ ಪಾರ್ಟಿಶನ್ ಅಂತಾರ. ಯಾವ ಅಂಕಣ ಎಲ್ಲಿಂದ ಸುರು ಅನ್ನೋ ಪಟ್ಟಿ ಡಿಸ್ಕಿನ ತಲಬಾಗಿಲದಾಗ ಬರದಿರತೈತಿ. ನಕಲು ತಗದಾಗ ಪಟ್ಟೀನೂ ನಕಲಾಗಿರತೈತಿ. ಕಂಪ್ಯೂಟರಿಗೆ ಮಾತ್ರ ಅದು ಬರೇ ಒಂದು ಫೈಲಿನಂಗ ಕಾಣತೈತಿ.

ಆಕಿ 'ಎಫ್‌ಡಿಸ್ಕ್' ಅನ್ನೋ ಆಜ್ಞಾ ಕೊಟ್ಟಳು, ಪಟ್ಟಿ ಬಂತು. ಮೂರು ಅಂಕಣ. ಎರಡನೇದು ಸುರು ಆಗೋದು 206848ಕ್ಕ. ಆ ಅಂಕಿ ಹಾಕಿ 'ಮೌಂಟ್' ಅಂದಳು. ಆಗಲಿಲ್ಲ! ನನ್ನ ಎದಿ ಧಸಕ್ ಅಂತು, ಅಂಗಡಿಯವ ಹೇಳಿದ್ದ ಖರೆ ಅಂತ. ಆಕಿ ಹಣಿ ಬಡ್ಕೊಂಡು, 'ಗುಣಿಸೋದ ಮರತೆ' ಅಂದ್ಲು. ಪಟ್ಟಿ ಸೇರಿನ ಲೆಕ್ಕ ಹೇಳತೈತಂತ, ಮೌಂಟ್ ಕಾಳಿನ ಲೆಕ್ಕ ಕೇಳತೈತಂತ. ಒಂದು ಸೇರಿಗೆ 512 ಕಾಳು. ಸೇರಿಗೆ ಸೆಕ್ಟರ್, ಕಾಳಿಗೆ ಬೈಟ್ ಅಂತ ಹೆಸರು. ಹಾಲಿನ ಲೆಕ್ಕದ ವಹಿಯೊಳಗ ನಾನ ಗುಣಿಸಿದೆ: 10,59,06,176. ಆಕಿ ಫೋನಿನ್ಯಾಗ ತಾಳೆ ನೋಡಿ 'ಸರಿ ಐತಿ ಚಿಗವ್ವ' ಅಂದಾಗ ನನಗ ಆದ ಖುಷಿ, ಎಸ್ಸೆಸ್ಸೆಲ್ಸಿ ಪಾಸಾದಾಗೂ ಆಗಿರಲಿಲ್ಲ.

ತೆರೀತು. ಆದ್ರ ಅದು ವಿಂಡೋಸ್ ಇದ್ದ ಅಂಕಣ, ನಮಗ ಬೇಕಾದ್ದಲ್ಲ. ಮೂರನೇದಕ್ಕೂ ಗುಣಿಸಾಕ ಪೆನ್ನು ತಗೊಂಡೆ, ಅಷ್ಟರಾಗ ಆಕಿ 'ಲೋಸೆಟಪ್' ಅನ್ನೋದಕ್ಕ ದೊಡ್ಡ 'ಪಿ' ಹಚ್ಚಿ ಒಮ್ಮೆ ಹೇಳಿದ್ಲು. ಪಟ್ಟಿ ತಾನ ಓದ್ಕೊಂಡು ಮೂರೂ ಅಂಕಣಕ್ಕ ಮೂರು ಬಾಗಿಲ ಮಾಡಿಕೊಡ್ತು. ಹಂಗಾದ್ರ ನನ್ನ ಕಡೆ ಲೆಕ್ಕ ಯಾಕ ಮಾಡಿಸಿದಿ ಬೇ ಅಂತ ಬೈದೆ!

ಒಂದು ಮಾತು ಮರೀಬ್ಯಾಡ್ರಿ. ಎರಡೂ ಸಲ ಆಕಿ 'ಆರ್‌ಓ' ಅಂತ ಸೇರಿಸಿದ್ಲು. ನೋಡಬೇಕು, ಮುಟ್ಟಬಾರದು ಅಂತ ಅದರ ಅರ್ಥ. ಇರೋದ ಒಂದ ನಕಲು, ಅದರ ಮ್ಯಾಲೆ ಏನೂ ಬರೀಬಾರದು.

ಮೂರನೇ ಅಂಕಣದಾಗ ತಮ್ಮನ ಲಗ್ನದ ಫೋಟೋ, ಹೊಲದ ಉತಾರಿ ಸ್ಕ್ಯಾನ್, ಅವುಗಳ ಕೆಳಗ 'ಅವ್ವ' ಅನ್ನೋ ಫೋಲ್ಡರ್. ಒತ್ತಿದ್ಲು. ಅವ್ವ ಕೆಮ್ಮಿದ್ಲು, ಹಾಡಿದ್ಲು. ನಡುವ ಹಾಡು ನಿಲ್ಲಿಸಿ, 'ಒಲಿ ಮ್ಯಾಲೆ ಹಾಲು ಐತಿ, ನೋಡ ಹೋಗ ಬೇ' ಅಂತ ನನ್ನ ಬೈದದ್ದೂ ಐತಿ. ನಾನು ಖರೇನ ಎದ್ದು ಅಡಿಗಿಮನಿಗೆ ಹೋಗಿ ಬಂದೆ.

ಎಲ್ಲಾ ಎರಡು ಕಡೆ ಕಾಪಿ ಮಾಡಿ ಇಟ್ಟೇವಿ. ದೊಡ್ಡಪ್ಪನ ಹೆಣ್ಮಕ್ಕಳು, ಬಾಜೂ ಮನಿಯವರು, ಯಾರಿಗೆ ಬೇಕು ಪೆನ್‌ಡ್ರೈವ್ ತರ್ರಿ. ಖಾಲಿ ಇರೋದು ತರ್ರಿ, ಸಿನಿಮಾ ತುಂಬಿದ್ದು ತರಬ್ಯಾಡ್ರಿ.