ಮಾತು ಬಿದ್ದುಹೋದ ಮನೆಗಳಲ್ಲಿ

ನಮ್ಮ ಕಡೆ ಲಕ್ವ ಹೊಡೆಯಿತೆಂದರೆ ಮೊದಲು ಹುಡುಕುತ್ತಿದ್ದದ್ದು ಪಾರಿವಾಳ. ಅದರ ಬಿಸಿ ರಕ್ತವನ್ನು ಬಿದ್ದುಹೋದ ಕೈಕಾಲಿಗೆ ಸವರಿ ಬಿಸಿಲಿಗೆ ಕೂರಿಸುತ್ತಿದ್ದರು. ಮಾತಿಗೆ ಅಷ್ಟು ಆರೈಕೆಯೂ ಇರಲಿಲ್ಲ. ಬಾಯಿ ಹೋದ ಮೇಲೆ ಬುದ್ಧಿಯೂ ಹೋಯಿತೆಂದುಕೊಂಡು, ಮಲಗಿದವರ ಎದುರಿಗೇ ಅವರ ಪಿಎಫ್ ಹಣ ಯಾರಿಗೆ ಸೇರಬೇಕೆಂದು ಚರ್ಚೆ ನಡೆಯುತ್ತಿತ್ತು. ಅದನ್ನೆಲ್ಲ ಅರ್ಥಮಾಡಿಕೊಂಡು, ಒಂದಕ್ಷರ ಹೇಳಲಾಗದೆ ಗೋಡೆಗೆ ಮುಖ ತಿರುಗಿಸಿದವರನ್ನು ಕೋಲಾರದ ಚಿನ್ನದ ಗಣಿ ಊರಾದ ಕೆಜಿಎಫ್‌ನ ಉರಿಗಾಂನಲ್ಲೂ ಚಾಂಪಿಯನ್ ರೀಫ್ಸ್‌ನಲ್ಲೂ ಕಂಡಿದ್ದೇನೆ.

ನಾನು ಮಾತಿನ ಚಿಕಿತ್ಸೆ ಓದಿದ್ದು ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ. 1861ರಲ್ಲಿ ಪ್ಯಾರಿಸ್ಸಿನ ವೈದ್ಯ ಬ್ರೋಕಾ, ಮಾತು ನಿಂತ ರೋಗಿಯೊಬ್ಬನ ಮಿದುಳಿನ ಎಡ ಮುಂಭಾಗದಲ್ಲಿ ಗಾಯ ತೋರಿಸಿದ ಕಥೆಯಿಂದ ನಮ್ಮ ಪಾಠ ಶುರು. ಹಲವು ಭಾಷೆ ಬಲ್ಲವರಲ್ಲಿ ಯಾವುದು ಮೊದಲು ಮರಳುತ್ತದೆ? ಬಾಲ್ಯದ್ದು ಎಂದ ಫ್ರೆಂಚ್ ಮನಶ್ಶಾಸ್ತ್ರಜ್ಞ ರಿಬೋ. ಹೆಚ್ಚು ಬಳಸಿದ್ದು ಎಂದ ಅದೇ ದೇಶದ ವೈದ್ಯ ಪಿತ್ರ್. ಇಬ್ಬರೂ ಕೆಜಿಎಫ್ ನೋಡಿದವರಲ್ಲ! ಇಲ್ಲಿ ಮನೆಯಲ್ಲಿ ತಮಿಳು, ಪಕ್ಕದ ಮನೆಯಲ್ಲಿ ತೆಲುಗು, ತಾಲ್ಲೂಕು ಕಚೇರಿಗೆ ಹೋದರೆ ಕನ್ನಡ, ಗಣಿಯೊಳಗೆ ಶಿಫ್ಟು, ಶಾಫ್ಟು, ಕೇಜು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಲೆಯಲ್ಲಾಡಿಸುತ್ತಿದ್ದ ಒಬ್ಬ ಹಳೇ ಗಣಿ ಕೆಲಸಗಾರರಿಗೆ ಮೊದಲು ಬಂದದ್ದು ತೆಲುಗಿನ ಬೈಗುಳ. ಮಗಳು ಸೆರಗಿನಿಂದ ಮುಖ ಮುಚ್ಚಿಕೊಂಡಳು, ನನಗೋ ಖುಷಿ. ಬೈಗುಳ, ಎಣಿಕೆ, ಹಾಡು, ಪ್ರಾರ್ಥನೆ ಇವೆಲ್ಲ ಬೇಕೆಂದು ಹುಡುಕದೆಯೇ ಹೊರಡುವ ಮಾತುಗಳು. ಉಳಿದದ್ದು ಹೋದರೂ ಎಷ್ಟೋ ಸಲ ಉಳಿದಿರುತ್ತವೆ. ಇಗರ್ಜಿಯ ಹಾಡನ್ನು ಪೂರ್ತಿ ಹಾಡಿ, ನೀರು ಕೇಳಲು ಬಾರದೆ ಒದ್ದಾಡಿದವರೂ ಇದ್ದರು. ಆ ರಾಗವನ್ನೇ ಹಿಡಿದು, ಎಡಗೈಯಿಂದ ತಾಳ ಹಾಕಿಸಿ, 'ನೀರು ಬೇಕು' ಎಂಬಲ್ಲಿಗೆ ತರುವುದು ತಿಂಗಳುಗಳ ಕೆಲಸ.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಕಂಪನಿ ಆಸ್ಪತ್ರೆಯೂ ಹೋಯಿತು. ಆಮೇಲೆ ಎಲ್ಲರೂ ಮಾರಿಕುಪ್ಪಂನ ಬೆಳಗಿನ ರೈಲು ಹತ್ತಿ ಬೆಂಗಳೂರಿನ ನಿಮ್ಹಾನ್ಸಿಗೆ. ಕೈಕಾಲು ಆಡಿದರೆ ಸಾಕು, ಮಾತಿಗಾಗಿ ಇನ್ನೊಂದು ದಿನದ ಕೂಲಿ ಕಳೆಯುವವರಾರು? ಅದಕ್ಕೇ ನಾನು ಬಂಗಾರಪೇಟೆ ಸ್ಟೇಷನ್ ಪಕ್ಕ ಒಂದು ಕೋಣೆ ಹಿಡಿದೆ. ಕುಪ್ಪಂ, ಮಾಲೂರು, ಕೆಜಿಎಫ್ ಎಲ್ಲ ಕಡೆಯವರೂ ಇಳಿಯುವ ಜಂಕ್ಷನ್ ಅದು. ಹೊರದೇಶದ ಚಿತ್ರಗಳ ಕಾರ್ಡುಗಳನ್ನು ಎತ್ತಿಟ್ಟು, ರಾಗಿಮುದ್ದೆ, ಬಿಂದಿಗೆ, ರೇಷನ್ ಚೀಲ ಬರೆಸಿದೆ. ಪಾನಿಪೂರಿ ಗಾಡಿಯವರೊಬ್ಬರಿಗೆ ಕಾರ್ಡೂ ಬೇಕಾಗಲಿಲ್ಲ. ಬಂಗಾರಪೇಟೆಗೆ ಹೆಸರು ತಂದ ಬಣ್ಣವಿಲ್ಲದ ಪಾನಿಯ ಅವರ ಗಾಡಿ ಮುಂದೆಯೇ ಪಾಠ. 'ಖಾರ?' ಎಂದು ಗಿರಾಕಿಯನ್ನು ಕೇಳುವುದಷ್ಟೇ ನಮ್ಮ ಗುರಿ. ಬೆಲೆ ಹೇಳಲು ಬರದಿದ್ದಾಗ ಬೆರಳು ತೋರಿಸುತ್ತಿದ್ದರು. ಗಿರಾಕಿಗಳು ಕಾಯುತ್ತಿದ್ದರು, ಬಂಗಾರಪೇಟೆಯವರು ಈ ವಿಷಯದಲ್ಲಿ ಒಳ್ಳೆಯವರು.

ಈಗ ಲಕ್ವಕ್ಕೆ ನಾಲ್ಕೂವರೆ ಗಂಟೆಯೊಳಗೆ ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಬೇಕೆಂದು ಆಟೋದವರೂ ಹೇಳುತ್ತಾರೆ. ನಿಮ್ಹಾನ್ಸ್ ಜೊತೆ ಸರ್ಕಾರ 2022ರಲ್ಲಿ ತೊಡಗಿದ ಮೆದುಳು ಆರೋಗ್ಯ ಯೋಜನೆಯ ಮೊದಲ ಜಿಲ್ಲೆಗಳಲ್ಲಿ ಕೋಲಾರವೂ ಒಂದು. ಪಾರಿವಾಳದ ಮಾತು ಕಡಿಮೆಯಾಗಿದೆ. ಆದರೆ ಆ ಗಂಟೆಗಳಿಗೆ ಇರುವ ಧಾವಂತ ಮುಂದಿನ ತಿಂಗಳುಗಳಿಗೆ ಇಲ್ಲ. ನನ್ನ ಪಾಠ ಈಗ ಮೊಬೈಲ್ ವಿಡಿಯೋದಲ್ಲಿ. ಆ ಕಡೆ ಕೂತು ಮಾವನ ಬಾಯಿಂದ ಮಾತು ಹೊರಡಿಸುವವಳು ಸೊಸೆ. ತಮಿಳಲ್ಲಿ ಸಿಗದಿದ್ದರೆ ಕನ್ನಡದಲ್ಲಿ ಕೇಳುತ್ತಾಳೆ, ಅಲ್ಲೂ ಸಿಗದಿದ್ದರೆ ತೆಲುಗಿನಲ್ಲಿ. ನನ್ನ ಅಪ್ಪಣೆಗೆ ಕಾಯುವುದಿಲ್ಲ.