ಹಲ್ಲು ಎಣಿಸಿ ಕೊಂಡ ಇಂಜಿನ್ನು

ದಿಲ್ಲಿಯ ಮುಖರ್ಜಿ ನಗರದಲ್ಲಿ ಮಾರಾಟಕ್ಕಿರುವ ಸಾಮಾನುಗಳ ಬಗೆ ಕಡಿಮೆ, ರಾಶಿ ಜಾಸ್ತಿ. ಸ್ಪೈರಲ್ ಬೈಂಡಿಂಗ್ ಹಾಕಿದ ನೋಟ್ಸು, ಹಳೆಯ ಪ್ರಶ್ನೆಪತ್ರಿಕೆ, ಭಾರತದ ಖಾಲಿ ನಕಾಶೆ, ಮಡಚುವ ಮೇಜು, ಮೊಮೊ, ಚಹಾ, ಮತ್ತೆ ನೋಟ್ಸು. ಬತ್ರಾ ಸಿನಿಮಾದ ಸುತ್ತ ಎತ್ತ ತಿರುಗಿದರೂ ಐಎಎಸ್ ಕನಸು ಹೊತ್ತವರೇ ಢಿಕ್ಕಿ ಹೊಡೆಯುತ್ತಾರೆ. ಇಂಥ ಕಡೆ ಒಬ್ಬ ಕನ್ನಡ ಮೇಷ್ಟ್ರು ಕಾಡಿನಿಂದ ಮರದ ದಿಮ್ಮಿ ಎಳೆಯುವ ಇಂಜಿನ್ನಿನ ಮಾದರಿಯೊಂದನ್ನು ಕೊಳ್ಳಲು ಹೊರಟರು. ಓಡಿಸಲು ತೋಟ ಬೇಡವೇ? ಇತ್ತು. ನಾಲ್ಕನೇ ಮಹಡಿಯ ಮೇಲೆ, ಬರಸಾತಿ ಎಂಬ ಮಾಳಿಗೆ ಕೋಣೆಯ ಮುಂದೆ, ಹದಿನೇಳು ಕುಂಡಗಳ ತೋಟ.

ಮೇಷ್ಟ್ರು ಭದ್ರಾವತಿಯವರು. ಇಪ್ಪತ್ತು ವರ್ಷದ ಕೆಳಗೆ ಪರೀಕ್ಷೆ ಬರೆಯಲು ಬಂದರು. ಅಟೆಂಪ್ಟುಗಳು ಮುಗಿದವು, ವಯಸ್ಸಿನ ಮಿತಿಯೂ ದಾಟಿತು. ಊರಿಗೆ ಹೋಗಿ ಸಮಜಾಯಿಷಿ ಹೇಳುವುದಕ್ಕಿಂತ ಇಲ್ಲೇ ಇದ್ದು ಭೂಗೋಳ ಹೇಳಿಕೊಡುವುದು ಸಲೀಸು ಅನಿಸಿ ಉಳಿದರು. ಹುಡುಗರಿಗೆ ‘ಸರ್‌ಜೀ’, ಕನ್ನಡದ ಹುಡುಗರಿಗೆ ಮಾತ್ರ ‘ಮೇಷ್ಟ್ರು’.

ಭದ್ರಾವತಿಯವರಿಗೆ ಮರ ಎಳೆಯುವ ರೈಲಿನ ಹುಚ್ಚು ಹಿಡಿಯಲು ಕಾರಣ ಹುಡುಕಬೇಕಾಗಿಲ್ಲ. ಹಿಂದೆ ಬೆಂಕಿಪುರ ಅನ್ನಿಸಿಕೊಂಡಿದ್ದ ಆ ಊರಿನಲ್ಲಿ ಮೈಸೂರು ಸರ್ಕಾರ 1918ರಲ್ಲಿ ಕಬ್ಬಿಣದ ಕಾರ್ಖಾನೆಗೆ ಕೈಹಾಕಿತು. 1923ರಲ್ಲಿ ಬೀಡುಕಬ್ಬಿಣ ಹರಿಯಿತು. ಅದರ ಕುಲುಮೆ ಉರಿದದ್ದು ಗಣಿಯ ಕಲ್ಲಿದ್ದಲಿನಿಂದಲ್ಲ, ಮಲೆನಾಡಿನ ಮರವನ್ನು ಸುಟ್ಟ ಇದ್ದಲಿನಿಂದ. ಅದಿರು ಕೆಮ್ಮಣ್ಣುಗುಂಡಿಯಿಂದ ಬರಬೇಕು, ಸೌದೆ ಕಾಡಿನಿಂದ ಬರಬೇಕು. ಹಾಗಾಗಿ ಕಾಡಿನೊಳಕ್ಕೆ ಟ್ರಾಮ್ ಹಳಿಗಳು ನುಗ್ಗಿದವು. ಪಕ್ಕದ ತರೀಕೆರೆಯಿಂದ ನರಸಿಂಹರಾಜಪುರಕ್ಕೂ ಎರಡೇ ಅಡಿ ಅಗಲದ ಹಳಿಯ ಮೇಲೆ ಒಂದು ಪುಟ್ಟ ರೈಲಿತ್ತು. ಮೇಷ್ಟ್ರು ಹುಟ್ಟುವ ಹೊತ್ತಿಗೆ ಅದರ ಕಥೆ ಮಾತ್ರ ಉಳಿದಿತ್ತು, ಅದೂ ಅಜ್ಜಂದಿರ ಬಾಯಲ್ಲಿ. ಕಥೆಯಾಗಿ ಸಿಕ್ಕಿದ ರೈಲು ಬಹಳ ಅಪಾಯಕಾರಿ, ಹತ್ತಿದವರು ಇಳಿಯುವುದಿಲ್ಲ.

ಮೇಷ್ಟ್ರು ಹುಡುಕುತ್ತಿದ್ದದ್ದು ಗೇರಿನ ಇಂಜಿನ್. ಹಾಗಂದಕೂಡಲೇ ಎಲ್ಲರಿಗೂ ಊಟಿಯ ರೈಲು ನೆನಪಾಗುತ್ತದೆ. ಅದು ಬೇರೆ ಜಾತಿ. ನೀಲಗಿರಿಯಲ್ಲಿ ಎರಡು ಹಳಿಗಳ ನಡುವೆ ಹಲ್ಲಿನ ಪಟ್ಟಿ ಇದೆ, ಇಂಜಿನ್ನಿನ ಹಲ್ಲುಚಕ್ರ ಅದನ್ನು ಕಚ್ಚಿಕೊಂಡು ಏರುತ್ತದೆ. ಮೇಷ್ಟ್ರಿಗೆ ಬೇಕಾದದ್ದರ ಹಲ್ಲು ನೆಲದಲ್ಲಿಲ್ಲ, ಇಂಜಿನ್ನಿನ ಮೈಯಲ್ಲಿದೆ. ಹಳಿ ಮಾಮೂಲಿ ಹಳಿಯೇ.

ಈ ಇಂಜಿನ್ನನ್ನು ಕಟ್ಟಿದವನು ಇಂಜಿನಿಯರ್ ಅಲ್ಲ, ಮರದ ವ್ಯಾಪಾರಿ. ಅಮೆರಿಕದ ಮಿಷಿಗನ್ನಿನ ಎಫ್ರೇಮ್ ಶೇ. ದಿಮ್ಮಿ ಸಾಗಿಸಲು ಹಿಮ ಬೀಳುವುದನ್ನೇ ಕಾಯುತ್ತ ಕೂರುವುದು ಅವನಿಗೆ ಸಾಕಾಗಿತ್ತು. ಕಾಡಿನಲ್ಲಿ ಮರದ್ದೇ ಹಳಿ ಹಾಕಿದ. ಇಳಿಜಾರಿನಲ್ಲಿ ಕುದುರೆಗಳಿಗೆ ಗಾಡಿಯನ್ನು ತಡೆಯಲಾಗಲಿಲ್ಲ; ಮಾಮೂಲಿ ಇಂಜಿನ್ ತಂದರೆ ಅದರ ಬಿಗಿ ಚೌಕಟ್ಟು ತಿರುವಿನಲ್ಲಿ ಹಳಿಯನ್ನೇ ಕಿತ್ತಿತು. ಕೊನೆಗೆ ಚಪ್ಪಟೆ ಗಾಡಿಯೊಂದರ ಮೇಲೆ ಬಾಯ್ಲರ್ ಕೂರಿಸಿ, ಅದರ ಶಕ್ತಿಯನ್ನು ಕೆಳಗಿನ ತಿರುಗುವ ಬೋಗಿಗಳ ಚಕ್ರಕ್ಕೇ ಮುಟ್ಟಿಸಿದ. 1881ರಲ್ಲಿ ಪೇಟೆಂಟ್ ಸಿಕ್ಕಿತು. ಒಹಾಯೊದ ಲೈಮಾ ಕಾರ್ಖಾನೆ 1945ರ ತನಕ 2,700ಕ್ಕೂ ಹೆಚ್ಚು ಶೇ ಇಂಜಿನ್ನುಗಳನ್ನು ಕಟ್ಟಿತು. ಕಟ್ಟಕಡೆಯದು ವೆಸ್ಟ್ ವರ್ಜೀನಿಯಾದ ಕ್ಯಾಸ್ ಎಂಬಲ್ಲಿದೆ. ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ಹಳಿ ಐವತ್ತು ಅಡಿ ಹೋದರೆ ಒಂದು ಅಡಿ ಏರುತ್ತದೆ; ಕ್ಯಾಸ್‌ನಲ್ಲಿ ಕೆಲವು ಕಡೆ ಒಂಬತ್ತೇ ಅಡಿಗೆ ಒಂದು ಅಡಿ. ಏಷ್ಯಾದಲ್ಲಿ ಶೇ ಹೆಸರು ಮಾಡಿದ್ದು ತೈವಾನಿನ ಅಲಿಶಾನ್ ಕಾಡಿನ ರೈಲಿನಲ್ಲಿ. ಅದರ ಗೇಜು ನಮ್ಮ ಕಾಲ್ಕಾ–ಶಿಮ್ಲಾ ರೈಲಿನದೇ, 762 ಮಿಲಿಮೀಟರ್. ಸಮುದ್ರಮಟ್ಟಕ್ಕೆ ಹತ್ತಿರದ ಊರಿನಿಂದ ಹೊರಟು 2,200 ಮೀಟರಿಗೂ ಹೆಚ್ಚಿನ ಎತ್ತರದ ತನಕ ಅದು ಹತ್ತುತ್ತದೆ.

ಶೇ ಇಂಜಿನ್ನನ್ನು ಮೊದಲ ಸಲ ನೋಡಿದವರಿಗೆ ಇದೇನು ಅವತಾರ ಅನಿಸದೆ ಇರದು. ಸಿಲಿಂಡರುಗಳು ನೆಟ್ಟಗೆ ನಿಂತು, ಎರಡೋ ಮೂರೋ, ಎಲ್ಲವೂ ಬಲಗಡೆಯೇ ಇವೆ. ಅವುಗಳ ಕೆಳಗೆ ಉದ್ದಕ್ಕೂ ಒಂದು ದಂಡ. ದಂಡಕ್ಕೆ ಅಲ್ಲಲ್ಲಿ ಮಣಿಕಟ್ಟಿನಂಥ ಕೀಲು, ಒಂದರೊಳಗೊಂದು ಜಾರುವ ಚೌಕನೆಯ ಸರಳು, ಕೊನೆಗೆ ಚಕ್ರದ ಹೊರಮೈಯ ಹಲ್ಲಿಗೆ ಹಲ್ಲು ಕೊಡುವ ಪುಟ್ಟ ಗೇರುಗಳು. ತಿರುವು ಬಂದಾಗ ಸರಳು ಉದ್ದವಾಗುತ್ತದೆ, ಗಿಡ್ಡವಾಗುತ್ತದೆ. ಇಷ್ಟೆಲ್ಲ ಭಾರ ಬಲಕ್ಕೇ ಬಿದ್ದದ್ದರಿಂದ ಬಾಯ್ಲರನ್ನು ನಡುವಿನಿಂದ ಎಡಕ್ಕೆ ಸರಿಸಿದ್ದಾರೆ, ಸೊಂಟದ ಮೇಲೆ ಕೊಡ ಹೊತ್ತವಳು ಆಚೆ ಪಕ್ಕಕ್ಕೆ ವಾಲಿ ನಡೆದ ಹಾಗೆ. ಎಡಗಡೆಯಿಂದ ನೋಡಿದರೆ ಏನೂ ಇಲ್ಲ, ಬೋಳು.

ಸದ್ದಿನದು ಇನ್ನೊಂದು ತಮಾಷೆ. ಎರಡು ಸಿಲಿಂಡರಿನ ಮಾಮೂಲಿ ಉಗಿ ಇಂಜಿನ್ ಚಕ್ರ ಒಂದು ಸುತ್ತು ಸುತ್ತುವಾಗ ನಾಲ್ಕು ಸಲ ‘ಛಕ್’ ಅನ್ನುತ್ತದೆ. ಮೂರು ಸಿಲಿಂಡರಿನ ಶೇಯಲ್ಲಿ ಕ್ರ್ಯಾಂಕಿನ ಒಂದು ಸುತ್ತಿಗೆ ಆರು ಛಕ್. ಚಕ್ರ ಒಂದು ಸುತ್ತು ಮುಗಿಸುವಷ್ಟರಲ್ಲಿ ಕ್ರ್ಯಾಂಕು ಎರಡಕ್ಕೂ ಹೆಚ್ಚು ಸಲ ತಿರುಗಿರುತ್ತದೆ. ಕಣ್ಣು ಮುಚ್ಚಿ ಕೇಳಿದರೆ ಎಕ್ಸ್‌ಪ್ರೆಸ್ ರೈಲು. ಕಣ್ಣು ಬಿಟ್ಟರೆ ಎಮ್ಮೆ ನಡಿಗೆ.

ಶೇಗೆ ದಾಯಾದಿಗಳು ಇಬ್ಬರು. ಕ್ಲೈಮ್ಯಾಕ್ಸ್ ಇಂಜಿನ್ನಿನಲ್ಲಿ ಎರಡೂ ಬದಿಗೆ ವಾರೆಯಾಗಿ ಒಂದೊಂದು ಸಿಲಿಂಡರು, ದಂಡ ನಡುವೆ ಹಾಯುತ್ತದೆ. ಹೈಸ್ಲರ್‌ನಲ್ಲಿ ಬಾಯ್ಲರಿನ ಹೊಟ್ಟೆಯಡಿ ಇಂಗ್ಲಿಷಿನ ‘ವಿ’ ಆಕಾರದಲ್ಲಿ ಎರಡು. ಓಟದಲ್ಲಿ ಹೈಸ್ಲರ್ ಚುರುಕು. ಆದರೆ ಈ ಎರಡರ ಕರಾಮತ್ತೂ ಬಹುಪಾಲು ಹೊಟ್ಟೆಯೊಳಗೆ ಅಡಗಿದೆ. ನಾಲ್ಕು ಜನ ನೋಡಲಿ ಅಂತ ಹಳಿ ಹಾಕುವವರಿಗೆ ಶೇಯೇ ಸರಿ ಎಂದು ಮೇಷ್ಟ್ರು ತೀರ್ಮಾನಿಸಿದ್ದನ್ನು ಒಪ್ಪಬೇಕು.

ಗೇಜಿನ ಲೆಕ್ಕ ಮಾತ್ರ ಒಂದು ವಾರ ತಿಂದಿತು. ತೋಟದ ರೈಲಿನ ಹಳಿಗಳ ನಡುವೆ ಸಾಮಾನ್ಯವಾಗಿ 45 ಮಿಲಿಮೀಟರ್ ಅಂತರ. ಜರ್ಮನಿಯ ಎಲ್‌ಜಿಬಿ 1968ರಲ್ಲಿ ಈ ಹಳಿಗೆ ಜನಪ್ರಿಯತೆ ತಂದಾಗ ಮನಸ್ಸಿನಲ್ಲಿದ್ದದ್ದು ಮೀಟರ್‌ಗೇಜು. ಆದ್ದರಿಂದ ಅದರ ಗಾಡಿಗಳು ನಿಜದ್ದರ ಇಪ್ಪತ್ತೆರಡೂವರೆಯಲ್ಲಿ ಒಂದು ಪಾಲು. ಅಮೆರಿಕದ ಕಾಡಿನ ರೈಲುಗಳಲ್ಲಿ ಮೂರಡಿಯ ಗೇಜು ಹೆಚ್ಚು. ಅದನ್ನು 45 ಮಿಲಿಮೀಟರಿಗೆ ಇಳಿಸಿದರೆ 20.3ರಲ್ಲಿ ಒಂದು. ಭದ್ರಾವತಿ ಸೀಮೆಯ ಎರಡಡಿ ಹಳಿ ಬೇಕೆಂದರೆ 32 ಮಿಲಿಮೀಟರ್, 19ರಲ್ಲಿ ಒಂದು. ಹೃದಯ 32 ಅಂದಿತು, ಸಿಗುವ ಶೇಗಳು 45 ಅಂದವು. ಮೇಷ್ಟ್ರು ಇಂಜಿನ್ನಿನ ಮಾತು ಕೇಳಿದರು.

ಹೊಸದರ ಬೆಲೆ ಕೇಳಿ ತಲೆ ತಿರುಗಿ ಹಳೆಯದಕ್ಕೆ ಕಣ್ಣು ಹಾಯಿಸಿದರು. ವಿದ್ಯುತ್ತಿನಲ್ಲಿ ಓಡುವ ಒಂದು ಶೇ ಸಿಕ್ಕಿತು. ಮಾರುವವನು ಐದು ಫೋಟೊ ಕಳಿಸಿದ. ಐದೂ ಎಡಗಡೆಯವು, ಚಂದವಾಗಿ ಬಿಸಿಲು ಬಿದ್ದವು. ಜಾತ್ರೆಯಲ್ಲಿ ಎತ್ತು ಕೊಳ್ಳುವವನು ಮೈಗೆ ಹಚ್ಚಿದ ಎಣ್ಣೆ ನೋಡುವುದಿಲ್ಲ, ಬಾಯಿ ತೆರೆಸಿ ಹಲ್ಲು ಎಣಿಸುತ್ತಾನೆ. ಮೇಷ್ಟ್ರು ಬಲಗಡೆಯ ಪಟ ಕೇಳಿದರು. ಮೂರು ದಿನ ಉತ್ತರವಿಲ್ಲ. ನಾಲ್ಕನೇ ದಿನ ಬಂದದ್ದು ಮಸುಕು ಪಟ. ದೊಡ್ಡದು ಮಾಡಿ ನೋಡಿದರೆ ಹಿಂದಿನ ಬೋಗಿಯ ಪ್ಲಾಸ್ಟಿಕ್ ಗೇರಿನಲ್ಲಿ ಕೂದಲೆಳೆಯಂಥ ಸೀಳು, ಎರಡು ಹಲ್ಲು ಮಾಯ. ‘ಹಲ್ಲು ಬಿದ್ದ ಎತ್ತು ಉಳುವುದಿಲ್ಲ’ ಎಂದು ಕನ್ನಡದಲ್ಲೇ ಬರೆದು ವ್ಯವಹಾರ ಮುಗಿಸಿದರು. ಆಚೆಯವನಿಗೆ ಏನು ಅರ್ಥವಾಯಿತೋ.

ಎರಡನೆಯದು ಹಿತ್ತಾಳೆ–ಉಕ್ಕಿನ ಮೈಯ, ಬ್ಯುಟೇನ್ ಅನಿಲದಿಂದ ನಿಜವಾಗಿ ನೀರು ಕಾಯಿಸಿ ಓಡುವ ಮೂರು ಸಿಲಿಂಡರಿನ ಶೇ. ಮಾರುವವನು ಮೊದಲ ಪಟದಲ್ಲೇ ಹಲ್ಲು ತೋರಿಸಿದ್ದ. ಇನ್ನು ತರುವ ಪ್ರಶ್ನೆ.

ಇಲ್ಲಿ ಮುಖರ್ಜಿ ನಗರ ತನ್ನ ವಿದ್ಯೆ ತೋರಿಸಿತು. ಚಹಾ ಅಂಗಡಿಯ ಮುಂದೆ ಮೇಷ್ಟ್ರ ಶಿಷ್ಯರು, ಅವರಲ್ಲಿ ಕಸ್ಟಮ್ಸ್ ಅಧಿಕಾರಿಯಾಗುವ ಹಂಬಲದವನೊಬ್ಬ, ಇದನ್ನೊಂದು ಪ್ರಶ್ನೆಪತ್ರಿಕೆಯಾಗಿ ಮಾಡಿಕೊಂಡರು. ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇಕಡ 20ರಿಂದ 60ಕ್ಕೆ ಹಾರಿತು, 2023ರ ಬಜೆಟ್ಟಿನಲ್ಲಿ 70 ಆಯಿತು. ಸುಂಕದ ಪಟ್ಟಿಯ 9503ನೇ ಶೀರ್ಷಿಕೆಯಲ್ಲಿ ಗೊಂಬೆ, ತ್ರಿಚಕ್ರ ಸೈಕಲ್ಲಿನ ಸಾಲಿನಲ್ಲೇ ಸ್ಕೇಲ್ ಮಾದರಿಗಳೂ ಕೂತಿವೆ. ‘ಹಾಗಾದರೆ ಇದು ಆಟಿಕೆ, ಐಎಸ್‌ಐ ಗುರುತೂ ಬೇಕು’ ಎಂದ ಒಬ್ಬ. ‘2021ರಿಂದ ಕಡ್ಡಾಯವಾದ ಆ ಗುರುತು ಹದಿನಾಲ್ಕು ವರ್ಷದೊಳಗಿನ ಮಕ್ಕಳ ಆಟಿಕೆಗೆ, ಸರ್‌ಜೀಗೆ ನಲವತ್ತೇಳು’ ಎಂದ ಇನ್ನೊಬ್ಬ. ‘ಸ್ವಂತ ಬಳಕೆಗೆ ಅಂಚೆಯಲ್ಲಿ ಬಂದರೆ 9804’ ಎಂದು ಮೂರನೆಯವನು. ‘ಮೇಲಿನ ಎಲ್ಲವೂ ಸರಿ’ ಎಂದು ಚಹಾದವನು. ಅವನೂ ಈ ಊರಿನವನೇ ತಾನೆ. ಕೊನೆಗೆ ಮಿಷಿಗನ್ನಿನಲ್ಲಿರುವ ಅಕ್ಕನ ಮಗಳು ರಜೆಗೆ ಬರುವಾಗ ಪೆಟ್ಟಿಗೆಯಲ್ಲಿ ತಂದಳು, ಶೇ ಇಂಜಿನ್ ಹುಟ್ಟಿದ ನಾಡಿನಿಂದಲೇ. ಗ್ಯಾಸ್ ಡಬ್ಬಿಯನ್ನು ವಿಮಾನದಲ್ಲಿ ಬಿಡುವುದಿಲ್ಲ. ಅದನ್ನು ಇಲ್ಲೇ ಕೊಂಡರು. ವಿಮಾನನಿಲ್ದಾಣದಲ್ಲಿ ಕೆಂಪು ಚಾನೆಲ್ಲಿಗೆ ಹೋಗಿ ಬಿಲ್ಲು ತೋರಿಸಿ ಸುಂಕ ಕಟ್ಟಿದಳಂತೆ. ಶಿಷ್ಯರಿಗೆ ತುಸು ನಿರಾಸೆಯಾಯಿತು.

ಇಂಜಿನ್ ಬರುವ ಮುಂಚೆ ಒಂದು ಭಾನುವಾರ ಮೇಷ್ಟ್ರು ಚಾಣಕ್ಯಪುರಿಯ ರಾಷ್ಟ್ರೀಯ ರೈಲು ಮ್ಯೂಸಿಯಮ್ಮಿಗೆ ಹೋದರು. ಜಿಟಿಬಿ ನಗರದಲ್ಲಿ ಹಳದಿ ಮೆಟ್ರೊ, ಆಜಾದ್‌ಪುರದಲ್ಲಿ ಗುಲಾಬಿಗೆ ಬದಲಿ. ಇಳಿಯುವ ನಿಲ್ದಾಣದ ಹೆಸರು ಸರ್ ವಿಶ್ವೇಶ್ವರಯ್ಯ ಮೋತಿ ಬಾಗ್. ಭದ್ರಾವತಿ ಕಾರ್ಖಾನೆಯನ್ನು ಕಟ್ಟಿ ನಿಲ್ಲಿಸಿದವರ ಹೆಸರನ್ನು ದಿಲ್ಲಿಯ ಮೆಟ್ರೊ ಬಾಯಲ್ಲಿ ಕೇಳಿ, ಸುಮ್ಮನೆ ಎದ್ದು ನಿಂತರಂತೆ, ಇಳಿಯಬೇಕಾಗಿದ್ದದ್ದೂ ನಿಜ. 1977ರಲ್ಲಿ ತೆರೆದ ಆ ಮ್ಯೂಸಿಯಮ್ಮಿನಲ್ಲಿ ಜನ ಒಂಟಿ ಹಳಿಯ ಪಟಿಯಾಲ ರೈಲಿನ ಮುಂದೆ ಮುಗಿಬೀಳುತ್ತಾರೆ. ಮೇಷ್ಟ್ರು ನಿಂತದ್ದು ಮಾಥೇರಾನ್ ಬೆಟ್ಟದ ಗಿಡ್ಡ ಇಂಜಿನ್ನಿನ ಮುಂದೆ. ತಿರುವು ಬಂದರೆ ಹೇಗೆ ಬಾಗುವುದು ಎಂಬ ಅದೇ ಪ್ರಶ್ನೆಗೆ ಜರ್ಮನ್ನರು ಬೇರೆ ಉತ್ತರ ಬರೆದಿದ್ದಾರೆ: ತುದಿಯ ಚಕ್ರಗಳ ಅಚ್ಚು ಟೊಳ್ಳು, ಒಳಗಿನ ಗಟ್ಟಿ ಅಚ್ಚಿನ ಸುತ್ತ ಅದು ಅತ್ತಿತ್ತ ಓಲಾಡುತ್ತದೆ.

ಮನೆಯ ಮಾಲೀಕರು ವಯಸ್ಸಾದ ಪಂಜಾಬಿ, ದೇಶ ಒಡೆದಾಗ ಕಿಂಗ್ಸ್‌ವೇ ಕ್ಯಾಂಪಿಗೆ ಬಂದ ಕುಟುಂಬ. ಮಹಡಿ ಮೇಲೆ ರೈಲು ಅಂದಾಗ ಹುಬ್ಬೇರಿಸಿದರು. ಹತ್ತಿರದ ದರ್ಬಾರ್ ಮೈದಾನಕ್ಕೆ 1903ರಲ್ಲಿ ಬ್ರಿಟಿಷರೂ ಪುಟ್ಟ ರೈಲು ಹಾಕಿದ್ದರಲ್ಲ ಎಂದು ಮೇಷ್ಟ್ರು ವಾದಿಸಿದರು. ‘ಅವರೂ ಬಾಡಿಗೆ ಹೆಚ್ಚಿಸಿದರು’ ಎಂದು ಹೇಳಿ ಮುದುಕರು ಒಪ್ಪಿದರು.

ಹಳಿ ಹಾಕಿದ್ದು ಮೂರು ಮೀಟರ್ ಅಡ್ಡಳತೆಯ ವೃತ್ತ. ದಿಲ್ಲಿಯ ಜನವರಿಗೂ ಮೇಗೂ ನಲವತ್ತು ಡಿಗ್ರಿ ಅಂತರ. ಒಂಬತ್ತೂವರೆ ಮೀಟರಿನ ಹಿತ್ತಾಳೆ ಹಳಿ ಅಷ್ಟರಲ್ಲಿ ಏಳು ಮಿಲಿಮೀಟರ್ ಹಿಗ್ಗುತ್ತದೆ. ಕೀಲುಗಳಲ್ಲಿ ಸಂದು ಬಿಟ್ಟರು. ಒಂದು ಕಡೆ ಒಂದೂವರೆ ಮೀಟರಿಗೆ ಒಂದು ಇಟ್ಟಿಗೆ ದಪ್ಪದಷ್ಟು ಏರು ಕೊಟ್ಟರು, ಅಂದರೆ ಇಪ್ಪತ್ತಕ್ಕೆ ಒಂದು. ಅದಕ್ಕೆ ಹೆಸರು ಕೆಮ್ಮಣ್ಣುಗುಂಡಿ.

ಎಡವಟ್ಟಾದದ್ದು ದಿಕ್ಕಿನಲ್ಲಿ. ವೃತ್ತದ ನಡುವೆ ತುಳಸಿ ಕುಂಡವಿತ್ತು. ಶೇ ಪ್ರದಕ್ಷಿಣೆ ಹಾಕಿದರೆ ಅದರ ಬಲಗಡೆ, ಅಂದರೆ ನೋಡಬೇಕಾದ್ದೆಲ್ಲ, ತುಳಸಿಯ ಕಡೆಗೆ. ಹೊರಗೆ ನಿಂತವರಿಗೆ ಬೋಳು. ಹೊರಗಿನವರಿಗೆ ಕಾಣಬೇಕಾದರೆ ಅಪ್ರದಕ್ಷಿಣೆ ಹಾಕಿಸಬೇಕು. ವಿಡಿಯೊ ಕಾಲಿನಲ್ಲಿ ಭದ್ರಾವತಿಯಿಂದ ನೋಡಿದ ತಾಯಿ ಒಂದೇ ಮಾತು ಹೇಳಿದರು: ‘ತುಳಸಿಗೆ ಎಡಸುತ್ತು ಹಾಕಿಸ್ಬೇಡ.’ ಮೇಷ್ಟ್ರು ಇಂಜಿನ್ನನ್ನು ತಿರುಗಿಸಿಟ್ಟು, ತಮ್ಮ ಕುರ್ಚಿಯನ್ನು ವೃತ್ತದೊಳಗೆ ತುಳಸಿಯ ಪಕ್ಕಕ್ಕೆ ಒಯ್ದರು.

ಡಿಸೆಂಬರಿನ ಒಂದು ಬೆಳಗ್ಗೆ ಮೊದಲ ಓಟ. ಉಗಿ ಕಣ್ಣಿಗೆ ಕಾಣುವುದು ಚಳಿಯಲ್ಲೇ ಚೆನ್ನಾಗಿ. ಆದರೆ ಅದೇ ಚಳಿಗೆ ಬ್ಯುಟೇನ್ ಮುದುಡಿಕೊಳ್ಳುತ್ತದೆ, ಒತ್ತಡ ಏಳುವುದಿಲ್ಲ. ಉರಿ ಎರಡು ಸಲ ಆರಿಹೋಯಿತು. ಗ್ಯಾಸಿನ ತೊಟ್ಟಿಗೆ ಉಗುರುಬೆಚ್ಚಗಿನ ನೀರಿನ ಶಾಖ ಕೊಟ್ಟ ಮೇಲೆ ಮೂರನೇ ಅಟೆಂಪ್ಟಿಗೆ ಹತ್ತಿತು. ಸಿಲಿಂಡರುಗಳು ಮೊದಲು ನೀರು ಉಗುಳಿದವು, ಆಮೇಲೆ ಶುರುವಾಯಿತು: ಛಕಛಕಛಕಛಕ. ಮಂಜಿನಲ್ಲಿ ಆ ಸದ್ದು ಕೆಳಗಿನ ಮಹಡಿಗಳಿಗೆ ಇಳಿಯಿತು.

ಮಾಲೀಕರು ಶಾಲು ಹೊದ್ದು ಏದುಸಿರು ಬಿಡುತ್ತ ಹತ್ತಿ ಬಂದರು. ಇಷ್ಟು ಜೋರಾಗಿ ಓಡಿಸುತ್ತೀರಲ್ಲ, ಪ್ಯಾರಪೆಟ್ಟು ದಾಟಿ ರಸ್ತೆಗೆ ಬಿದ್ದರೆ ಏನು ಗತಿ ಎಂದು ಕೇಳಲು ಬಾಯಿ ತೆರೆದವರು ಹಾಗೇ ನಿಂತರು. ಎದುರಿಗೆ ಒಂದು ಬೋಳು ಬಾಯ್ಲರು ಕರಿಬೇವಿನ ಕುಂಡದಿಂದ ಸೇವಂತಿಗೆ ಕುಂಡಕ್ಕೆ ಹೋಗಲು ಹೆಣಗುತ್ತಿತ್ತು. ‘ಸದ್ದು ಎಲ್ಲಿಂದ ಬರ್ತಿದೆ?’ ಎಂದು ಹಿಂದಿಯಲ್ಲಿ ಕೇಳಿದರು. ಮೇಷ್ಟ್ರು ಎದ್ದು ಕುರ್ಚಿ ತೋರಿಸಿದರು. ಮುದುಕರು ಪೈಜಾಮ ಎತ್ತಿ ಹಿಡಿದು, ಹಳಿ ದಾಟಿ, ತುಳಸಿಯ ಪಕ್ಕ ಕೂತು ಕನ್ನಡಕ ಸರಿಮಾಡಿಕೊಂಡರು. ಇಂಜಿನ್ನು ಅಷ್ಟು ಹೊತ್ತಿಗೆ ಕೆಮ್ಮಣ್ಣುಗುಂಡಿಯ ಎರಡನೇ ಇಟ್ಟಿಗೆ ತಲುಪಿತ್ತು.